ಕುಂಚದಿಂದ ಧರ್ಮೋಪದೇಶ ಮಾಡಿದ ಸಹೋದರ ಮೊಸ್ಕೇನಿ

ಸಂತ ಫ್ರಾನ್ಸಿಸ್ ಝೇವಿಯರರ ದರ್ಶನಕ್ಕೆಂದು ನವಲಗುಂದ, ಕುಂದಗೋಳ, ಕಲಘಟಗಿಯ ಕಡೆಯಿಂದ ಹಳೆಯ ಗೋವೆಗೆ ಹೋಗಿಬಂದವರು ಬಾಂ ಜೀಸಸ್ ಬಸಿಲಿಕದ ಬಲಿಪೀಠವನ್ನು ಮರೆಯಲಾರರು. ಮರದಲ್ಲಿ ಕೆತ್ತಿ ಬಂಗಾರದ ರೇಕು ಹೊದಿಸಿದ ಆ ಎತ್ತರದ ಹಿಂಫಲಕವು ಓದುಬಾರದವರಿಗೂ ವಿಶ್ವಾಸದ ಪಾಠವನ್ನು ಹೇಳುತ್ತದೆ. ಅದೇ ಕಾರ್ಯವನ್ನು ಕರ್ನಾಟಕದಲ್ಲಿ ಉಳಿಯ ಬದಲು ಕುಂಚ ಹಿಡಿದು ನೆರವೇರಿಸಿದವರು ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ.

ಇಟಲಿಯ ಬೆರ್ಗಾಮೊ ಸಮೀಪದ ಸ್ತೆಜ್ಜಾನೊ ಗ್ರಾಮದಲ್ಲಿ 1854ರ ಜನವರಿ 17ರಂದು ಜನಿಸಿದ ಅವರು ಬೆರ್ಗಾಮೊದ ಕರ್ರಾರಾ ಕಲಾಶಾಲೆಯಲ್ಲಿ ಅಭ್ಯಾಸ ಮಾಡಿದರು. 1889ರಲ್ಲಿ ಯೇಸುಸಭೆಯನ್ನು ಸೇರಿ, ಗುರುಪಟ್ಟವಿಲ್ಲದ ಸಹೋದರರಾಗಿ ಸೇವೆ ಸಲ್ಲಿಸಿದರು. ಹತ್ತು ವರ್ಷಗಳ ತರುವಾಯ ಮಂಗಳೂರಿಗೆ ಬಂದರು.

ಅಲ್ಲಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ, ಚಾವಣಿಗಳು ಅವರಿಗಾಗಿಯೇ ಕಾದಿದ್ದಂತಿತ್ತು. ಹಸಿ ಗಾರೆಯ ಮೇಲೆ ಬರೆಯುವ ಚಿತ್ರವೆಂದರೆ ಕಾಲದೊಡನೆ ಪಂತ. ಗಾರೆ ಆರುವ ಮುನ್ನವೇ ಬಣ್ಣ ಬೀಳಬೇಕು; ಸುಣ್ಣ ಗಟ್ಟಿಯಾದಂತೆ ಬಣ್ಣವೂ ಗೋಡೆಯ ಅಂಗವಾಗುತ್ತದೆ. ಕೈತಪ್ಪಿದರೆ ಒರೆಸುವಂತಿಲ್ಲ, ಗಾರೆಯನ್ನೇ ಕಿತ್ತು ಮತ್ತೆ ಬಳಿಯಬೇಕು. ಇಂತಹ ಗೋಡೆಚಿತ್ರಗಳೊಡನೆ ಬಟ್ಟೆಯ ಮೇಲಿನ ತೈಲಚಿತ್ರಗಳನ್ನೂ ಸೇರಿಸಿ, 1901ರ ಹೊತ್ತಿಗೆ ಇಡೀ ಪ್ರಾರ್ಥನಾಲಯವನ್ನು ಅವರು ತುಂಬಿದರು. ಚಾವಣಿಯ ನಡುವೆ ಸಂತ ಅಲೋಶಿಯಸರ ಬಾಳು. ಇಳಿಜಾರಿನಲ್ಲಿ ಪ್ರೇಷಿತರು, ಅವರ ಕೆಳಗೆ ಸಂತರು. ಗೋಡೆಗಳಲ್ಲಿ ಯೇಸುವಿನ ಜೀವನ. ಅಲೋಶಿಯಸರು ಸಾಮಂತ ಮನೆತನದ ಹಕ್ಕನ್ನು ತೊರೆದು, ರೋಮಿನಲ್ಲಿ ಪ್ಲೇಗು ಪೀಡಿತರನ್ನು ಹೊತ್ತು ಸಾಕಿ, 1591ರಲ್ಲಿ 23ನೆಯ ವಯಸ್ಸಿಗೇ ಮಡಿದವರು. ಲೌಕಿಕ ಕೀರ್ತಿಗೆ ಬೆನ್ನು ತಿರುಗಿಸಿ ಬಂದ ಚಿತ್ರಕಾರನಿಗೆ ಆ ಬಾಳು ತನ್ನದೇ ಎನಿಸಿದ್ದರೆ ಆಶ್ಚರ್ಯವಿಲ್ಲ. ಮಕ್ಕಳೊಡನೆ ಮಂಗಳೂರಿಗೆ ಹೋಗುವ ತಂದೆತಾಯಿಗಳು ಕತ್ತೆತ್ತಿ ಬೆರಗಾಗಿ ಹೊರಬರದೆ, ಒಂದೊಂದೇ ಚಿತ್ರದ ಕೆಳಗೆ ನಿಂತು ಕಥೆ ಹೇಳಬೇಕು. ಸಹೋದರರು ಅದಕ್ಕೆಂದೇ ಅವನ್ನು ಬರೆದರಲ್ಲವೇ?

ಕಡಲಗಾಳಿಯ ತೇವಕ್ಕೆ ಮಾಸಿದ ಈ ಚಿತ್ರಗಳನ್ನು 1990ರ ದಶಕದ ಆರಂಭದಲ್ಲಿ ತಜ್ಞರು ಜೀರ್ಣೋದ್ಧಾರ ಮಾಡಿದರು.

ಮೊಸ್ಕೇನಿಯವರ ಕೊನೆಯ ಕೆಲಸ ಕೊಚ್ಚಿಯ ಸಾಂತಾ ಕ್ರೂಸ್ ಪ್ರಧಾನಾಲಯದ್ದು. ಅದರ ಪ್ರಧಾನ ಬಲಿಪೀಠವನ್ನು ಅವರೂ ಮಂಗಳೂರಿನ ಅವರ ಶಿಷ್ಯ ದ ಗಾಮರೂ ಅಲಂಕರಿಸಿದರು. ಯೇಸುವಿನ ಯಾತನೆ, ಮರಣಗಳನ್ನು ಸಾರುವ ಏಳು ದೊಡ್ಡ ಚಿತ್ರಗಳು ಅಲ್ಲಿವೆ. ಅವುಗಳಲ್ಲಿ ಕಡೆಯ ಭೋಜನವು ಲಿಯೊನಾರ್ಡೊ ಡ ವಿಂಚಿಯ ಚಿತ್ರವನ್ನು ಅನುಸರಿಸಿದ್ದು. ಪ್ರಧಾನಾಲಯದ ಅಭಿಷೇಕಕ್ಕೆ 1905ರ ನವೆಂಬರ್ 19 ಗೊತ್ತಾಗಿತ್ತು. 15ರಂದು, 51ನೆಯ ವಯಸ್ಸಿನಲ್ಲಿ ಸಹೋದರರು ತೀರಿಕೊಂಡರು. ನಾಲ್ಕು ದಿನಗಳ ಬಳಿಕ, ಅವರು ಸಿಂಗರಿಸಿದ ಪೀಠದ ಮುಂದೆ ದಮಾಂವದ ಧರ್ಮಾಧ್ಯಕ್ಷರು ದೇವಾಲಯವನ್ನು ಅಭಿಷೇಕಿಸಿದರು.