ಕಪ್ಪೆಯ ಕಾಲು ಮತ್ತು ನನ್ನ ಪ್ಲಾಸ್ಟಿಕ್ ಕೈ

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗಾಗಿ ನನ್ನ ಮುಂಗೈಗೆ ಮೂರು ಎಲೆಕ್ಟ್ರೋಡ್ ಅಂಟಿಸಿಕೊಂಡಿದ್ದೆ. ಮುಷ್ಟಿ ಬಿಗಿದಾಗ ಸ್ನಾಯುವಿನಲ್ಲಿ ಹುಟ್ಟುವ ಪುಟ್ಟ ವೋಲ್ಟೇಜನ್ನು ಸರ್ಕ್ಯೂಟ್ ಹಿಗ್ಗಿಸಬೇಕು, ಮೋಟಾರ್ ತಿರುಗಿ ಪ್ಲಾಸ್ಟಿಕ್ ಕೈ ಮಡಚಬೇಕು. ಮಡಚಿತು! ಆದರೆ ಹತ್ತು ಸಲದಲ್ಲಿ ಆರು ಸಲ ಮಾತ್ರ. ಉಳಿದ ನಾಲ್ಕನ್ನು ವರದಿಯಲ್ಲಿ ಬಿಟ್ಟುಬಿಡೋಣ ಅಂದುಕೊಂಡಿದ್ದೆ.

ಪೀಠಿಕೆ ಬರೆಯಲು ಓದುವಾಗ ಲುಯಿಗಿ ಗಾಲ್ವಾನಿ ಸಿಕ್ಕರು. ಗಾಲ್ವನೋಮೀಟರ್ ಎಂಬ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದಾನೆಂದು ನನಗೆ ಹೊಳೆದೇ ಇರಲಿಲ್ಲ.

1737ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಹುಟ್ಟಿದ ಅವರು ವೈದ್ಯಶಾಸ್ತ್ರ ಓದಿ, ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಕಲಿಸಿದರು. ಪತ್ನಿ ಲೂಸಿಯಾ ಪ್ರಯೋಗಗಳಲ್ಲೂ ಜೊತೆಗಾರ್ತಿ. ಒಮ್ಮೆ ಸತ್ತ ಕಪ್ಪೆಯ ನರಕ್ಕೆ ಚಾಕು ತಾಗಿದ್ದಾಗ ಪಕ್ಕದ ವಿದ್ಯುತ್ ಯಂತ್ರದಿಂದ ಕಿಡಿ ಹಾರಿತು. ಕಪ್ಪೆಯ ಕಾಲು ಒದ್ದುಕೊಂಡಿತು. ಮುಂದೆ ಕಿಡಿಯಿಲ್ಲದೆ, ಎರಡು ಲೋಹ ತಾಗಿಸಿದರೂ ಕಾಲು ಅಲುಗಿತು. ಪ್ರಾಣಿಯ ದೇಹದಲ್ಲೇ ವಿದ್ಯುತ್ ಇದೆ ಎಂದು 1791ರಲ್ಲಿ ಪ್ರಕಟಿಸಿದರು. ಅದನ್ನು ನೋಡಲು ಲೂಸಿಯಾ ಬದುಕಿರಲಿಲ್ಲ.

ಪಾವಿಯಾದ ಅಲೆಸ್ಸಾಂಡ್ರೊ ವೋಲ್ಟಾ ಒಪ್ಪಲಿಲ್ಲ. ವಿದ್ಯುತ್ ಬರುವುದು ಎರಡು ಬೇರೆ ಬೇರೆ ಲೋಹಗಳಿಂದ, ಕಪ್ಪೆಯ ಕಾಲು ಬರೀ ಸೂಚಕ ಎಂಬುದು ಅವರ ವಾದ. ಗಾಲ್ವಾನಿ ಲೋಹವನ್ನೇ ಬಳಸದೆ ಕಪ್ಪೆಯ ನರವನ್ನು ಸ್ನಾಯುವಿಗೆ ತಾಗಿಸಿ ತೋರಿಸಿದರು. ಆಗಲೂ ಕಾಲು ಅಲುಗಿತು.

ಅಷ್ಟರಲ್ಲಿ ನೆಪೋಲಿಯನ್ನನ ಸೇನೆ ಬಂದು ಹೊಸ ಸರ್ಕಾರ ಕೂತಿತು. ಪ್ರಾಧ್ಯಾಪಕರು ಅದಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಮನಸ್ಸು ಒಪ್ಪದ್ದಕ್ಕೆ ಗಾಲ್ವಾನಿ ಪ್ರಮಾಣ ಮಾಡಲಿಲ್ಲ, ಕೆಲಸ ಹೋಯಿತು. 1798ರ ಡಿಸೆಂಬರ್ 4ರಂದು, 61ನೇ ವಯಸ್ಸಿನಲ್ಲಿ ತೀರಿಕೊಂಡರು. 1800ರಲ್ಲಿ ವೋಲ್ಟಾ ಬ್ಯಾಟರಿಯನ್ನು ಜಗತ್ತಿಗೆ ತಿಳಿಸಿದಾಗ, ಗಾಲ್ವಾನಿ ಸೋತರೆಂದೇ ಬಹಳ ಮಂದಿ ನಂಬಿದರು.

ಇಬ್ಬರೂ ಅರ್ಧರ್ಧ ಸರಿಯಾಗಿದ್ದರು ಎಂದು ಈಗ ನಮಗೆ ಗೊತ್ತು. ಲೋಹಗಳಿಂದಲೂ ವಿದ್ಯುತ್ ಬರುತ್ತದೆ, ನರ-ಸ್ನಾಯುಗಳಲ್ಲೂ ಹುಟ್ಟುತ್ತದೆ. ಇಸಿಜಿ, ಪೇಸ್‌ಮೇಕರ್, ಸ್ನಾಯುವಿನ ಸಂಕೇತಕ್ಕೆ ಓಗೊಡುವ ಕೃತಕ ಕೈ, ಎಲ್ಲವೂ ನಿಂತಿರುವುದು ಜೀವದೊಳಗಿನ ಆ ವಿದ್ಯುತ್ತಿನ ಮೇಲೆಯೇ. ನನ್ನ ಮೇಜಿನ ಮೇಲೂ ಇಬ್ಬರೂ ಇದ್ದರು: ಮೋಟಾರಿಗೆ ಶಕ್ತಿ ಕೊಟ್ಟದ್ದು ವೋಲ್ಟಾರ ಬ್ಯಾಟರಿ, ಅದಕ್ಕೆ ಅಪ್ಪಣೆ ಕೊಟ್ಟದ್ದು ಗಾಲ್ವಾನಿಯ ಸ್ನಾಯು.

ಮನಸ್ಸು ಒಪ್ಪದ ಒಂದು ಮಾತಿಗಾಗಿ ಅವರು ಕೆಲಸವನ್ನೇ ಬಿಟ್ಟರು. ನನಗೆ ಹೋಗುವುದಿದ್ದರೆ ನಾಲ್ಕೈದು ಅಂಕ. ಕೈ ಮಡಚದ ಆ ನಾಲ್ಕು ಸಲವನ್ನೂ ವರದಿಯಲ್ಲಿ ಬರೆದು ಸಹಿ ಹಾಕಿದೆ.