ಹೃದಯದ ಗೆರೆ ಬರೆದ ಐಂತೋವನ್

ಎದೆನೋವೆಂದು ವಿಜಯಪುರದ ಆಸ್ಪತ್ರೆಗೆ ಹೋದವರಿಗೆ ವೈದ್ಯರು ಮೊದಲು ಹೇಳುವುದು ಇ.ಸಿ.ಜಿ. ತೆಗೆಸಲು. ಆ ಕಾಗದದ ಮೇಲಿನ ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟವನು ವಿಲ್ಲೆಮ್ ಐಂತೋವನ್. ಕಲಾ ವಿಭಾಗದಲ್ಲಿ ಓದುವ ನನ್ನ ಮನಸ್ಸನ್ನು ಅವನ ಯಂತ್ರಕ್ಕಿಂತ ಅವನ ಬಾಳು ಮೊದಲು ಸೆಳೆಯಿತು.

ಆತನು ಹುಟ್ಟಿದ್ದು 1860ರಲ್ಲಿ, ಆಗ ಡಚ್ಚರ ಅಧೀನದಲ್ಲಿದ್ದ ಜಾವಾ ದ್ವೀಪದ ಸೆಮರಾಂಗಿನಲ್ಲಿ. ವೈದ್ಯನಾಗಿದ್ದ ತಂದೆಯು ಮಗನು ಚಿಕ್ಕವನಿದ್ದಾಗಲೇ ತೀರಿಕೊಂಡನು. 1870ರಲ್ಲಿ ತಾಯಿಯು ಆರು ಮಕ್ಕಳನ್ನು ಕಟ್ಟಿಕೊಂಡು ಹಾಲೆಂಡಿನ ಉಟ್ರೆಕ್ಟ್ ನಗರಕ್ಕೆ ಬಂದಳು. ಮುಂದೆ ಸೈನ್ಯದ ವೈದ್ಯನಾಗಿ ದುಡಿಯುವೆನೆಂದು ಕರಾರು ಮಾಡಿಕೊಂಡು, ಸರಕಾರದ ಹಣದಿಂದ ಆತನು ವೈದ್ಯಶಾಸ್ತ್ರವನ್ನು ಓದಿದನು. 25ನೆಯ ವಯಸ್ಸಿಗೇ ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ದೊರೆತಾಗ ಆ ಹಣವನ್ನು ಮರಳಿ ತುಂಬಬೇಕಾಯಿತು. ಮನೆತನದಲ್ಲಿ ಮೊದಲ ಸಲ ಬಿ.ಎ. ತರಗತಿಯ ಮೆಟ್ಟಿಲು ಹತ್ತಿದ, ವಿದ್ಯಾರ್ಥಿವೇತನದ ಮೇಲೆ ಓದುವ ನನ್ನಂಥವರಿಗೆ ಆ ಋಣದ ಭಾರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೃದಯ ಬಡಿಯುವಾಗ ಮೈಮೇಲೆ ಸಿಗುವ ವಿದ್ಯುತ್ತು ಒಂದು ವೋಲ್ಟಿನ ಸುಮಾರು ಸಾವಿರದ ಒಂದು ಪಾಲು. 1887ರಲ್ಲಿ ಲಂಡನ್ನಿನ ಆಗಸ್ಟಸ್ ವಾಲರನು ಅದನ್ನು ಪಾದರಸದ ಸಣ್ಣ ಕೊಳವೆಯಿಂದ ಗುರುತಿಸಿದ್ದನು. ಆದರೆ ಪಾದರಸವು ನಿಧಾನ, ಗೆರೆ ಮೊಂಡು. ಐಂತೋವನನು ಮೊದಲು ಲೆಕ್ಕ ಹಾಕಿಯೇ ಆ ಗೆರೆಯನ್ನು ತಿದ್ದಿದನು. ಬಳಿಕ, ಕೂದಲಿಗಿಂತ ಬಹಳ ತೆಳುವಾದ, ಬೆಳ್ಳಿ ಲೇಪಿಸಿದ ಸ್ಫಟಿಕದ ಎಳೆಯೊಂದನ್ನು ಬಲವಾದ ಅಯಸ್ಕಾಂತದ ನಡುವೆ ಕಟ್ಟಿ, 1901ರಲ್ಲಿ ಹೊಸ ಯಂತ್ರವನ್ನು ಪ್ರಕಟಿಸಿದನು. ಗೋಲಗುಂಬಜದಲ್ಲಿ ಈ ಬದಿಯ ಪಿಸುಮಾತು ಆ ಬದಿಗೆ ಕೇಳಿಸುವಂತೆ, ಹೃದಯದ ಪಿಸುಮಾತು ಆ ಎಳೆಯ ಅಲುಗಾಟದಲ್ಲಿ ಕಾಣಿಸಿತು. ಯಂತ್ರದ ತೂಕ ಸುಮಾರು 270 ಕಿಲೋ, ನಡೆಸಲು ಐದು ಮಂದಿ! ರೋಗಿಯು ಎರಡು ಕೈಗಳನ್ನೂ ಎಡಗಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂಡಬೇಕಿತ್ತು. ಅದನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ಆದ್ದರಿಂದ 1905ರಲ್ಲಿ ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಲ್ಲಿದ್ದ ರೋಗಿಗಳ ಗೆರೆಯನ್ನು ಟೆಲಿಫೋನು ತಂತಿಯ ಮೂಲಕ ತನ್ನ ಪ್ರಯೋಗಶಾಲೆಗೇ ತರಿಸಿಕೊಂಡನು. 1924ರಲ್ಲಿ ನೊಬೆಲ್ ಪಾರಿತೋಷಕ ಬಂದಿತು, 1927ರಲ್ಲಿ ಕಾಲವಾದನು.

ಅವನಿಟ್ಟ ಅಕ್ಷರಗಳು ಉಳಿದವು. 1957ರಲ್ಲಿ ಜರ್ವೆಲ್ ಮತ್ತು ಲಾಂಗೆ-ನೀಲ್ಸನ್ ಎಂಬ ವೈದ್ಯರು ನಾರ್ವೆಯ ಒಂದೇ ಮನೆಯ ನಾಲ್ವರು ಹುಟ್ಟುಕಿವುಡ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಆ ಮಕ್ಕಳು ಆಗಾಗ ಮೂರ್ಛೆ ಹೋಗುತ್ತಿದ್ದರು; ಮೂವರು 4, 5 ಮತ್ತು 9ನೆಯ ವಯಸ್ಸಿನಲ್ಲಿ ಹಠಾತ್ತನೆ ಸತ್ತರು. ಹೃದಯದ ಗೆರೆಯಲ್ಲಿ ಕ್ಯೂನಿಂದ ಟಿವರೆಗಿನ ಅಂತರವು ಉದ್ದವಾಗಿತ್ತು. ಇಂದು ತೊಡೆಯ ರಕ್ತನಾಳದಿಂದ ತೆಳು ತಂತಿಗಳನ್ನು ಹೃದಯದೊಳಕ್ಕೆ ಇಳಿಸಿ ವಿದ್ಯುತ್ತು ಹರಿಯುವ ನಕ್ಷೆಯನ್ನೇ ಬರೆಯುವಷ್ಟು ವಿದ್ಯೆ ಬೆಳೆದಿದೆ. ಆದರೂ ಈ ದೋಷದ ಸುಳಿವು ಮೊದಲು ಸಿಗುವುದು ಐಂತೋವನನ ಗೆರೆಯಲ್ಲಿಯೇ.

ಕಿವುಡಿನೊಡನೆ ಬರುವ ಈ ರೋಗವು ತಂದೆತಾಯಿಗಳಿಬ್ಬರಿಂದಲೂ ದೋಷ ಇಳಿದು ಬಂದಾಗ ಮಗುವನ್ನು ಹಿಡಿಯುತ್ತದೆ. ಆದಕಾರಣ ರಕ್ತಸಂಬಂಧದಲ್ಲಿ ಮದುವೆಯಾದಲ್ಲಿ ಅಪಾಯ ಹೆಚ್ಚು. 1886ರಲ್ಲಿ ಐಂತೋವನನು ವರಿಸಿದ್ದೂ ಬಳಗದ ಕನ್ಯೆಯನ್ನೇ! ತಿಕೋಟಾ, ಬಬಲೇಶ್ವರದ ಕಡೆ ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತರುವುದು ಹೊಸ ಮಾತಲ್ಲ. ಓಡುವಾಗ, ಬೆದರಿದಾಗ ಎಚ್ಚರ ತಪ್ಪಿ ಬೀಳುವ ಮಗುವಿಗೆ ದೃಷ್ಟಿ ತೆಗೆದು ತಾಯಿತ ಕಟ್ಟುವುದೂ ಉಂಟು. ಅಂಥ ಮಗುವಿಗೆ ಇ.ಸಿ.ಜಿ. ತೆಗೆಯಲು ಕೆಲವು ನಿಮಿಷ ಸಾಕು. ಕ್ಯೂ-ಟಿ ಅಂತರ ಉದ್ದವಾಗಿ ಕಂಡರೆ ವೈದ್ಯರು ದಿನವೂ ನುಂಗಲು ಮಾತ್ರೆ ಕೊಡುತ್ತಾರೆ. ಮೂರ್ಛೆ ಹೋಗದ ಅದರ ಅಣ್ಣತಮ್ಮಂದಿರನ್ನೂ ಅಕ್ಕತಂಗಿಯರನ್ನೂ ಕರೆಸಿ ಅವರ ಗೆರೆಗಳನ್ನೂ ನೋಡುತ್ತಾರೆ.