ನಾಮದ ಚಿಲುಮೆಗೆ ಬಂದ ಪಕ್ಷಿಶಾಸ್ತ್ರಜ್ಞ

ಮಾಘಮಾಸ ಕಳೆದು ಫಾಲ್ಗುಣ ಕಾಲಿಡುವ ಹೊತ್ತಿಗೆ ನಮ್ಮ ಬೆಳ್ಳಾವಿಯ ಕಡೆಯ ಕೆರೆಗಳಲ್ಲಿ ನೀರು ದಡವನ್ನು ಬಿಟ್ಟು ನಡುವಿಗೆ ಸರಿಯತೊಡಗುತ್ತದೆ. ನೀರು ಬಿಟ್ಟುಕೊಟ್ಟ ಕೆಸರಿನ ಅಂಚಿನಲ್ಲಿ ಸಿಪಿಲೆಗಳು ಬಾಲ ಕುಣಿಸುತ್ತ ಹುಳು ಹೆಕ್ಕುತ್ತವೆ; ಏರಿಯ ಮೇಲೆ ಹೆಜ್ಜೆಯಿಟ್ಟರೆ ಟಿಟ್ಟಿಭ ಕೂಗಿ ಊರಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಉತ್ತರದ ಚಳಿಗೆ ಹೆದರಿ ಹಿಮಾಲಯವನ್ನು ದಾಟಿ ಬಂದಿದ್ದ ಸೂಜಿಬಾಲದ ಬಾತುಗಳು ಹಿಂದಿರುಗುವ ಸನ್ನಾಹದಲ್ಲಿರುವುದು ಈ ದಿನಗಳಲ್ಲಿಯೇ. ಒಂದು ಬೆಳಗ್ಗೆ ನೋಡಿದರೆ ಕೆರೆ ಬರಿದು. ಹೋದುದು ಯಾವ ಇರುಳೆಂದು ಯಾರಿಗೂ ಗೊತ್ತಾಗದು. ಅವು ಹೊರಡುವ ಕಾಲವೇ ಇನ್ನು ಕೆಲವಕ್ಕೆ ಮನೆ ಹೂಡುವ ಕಾಲ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಣ ಹುಣಿಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದುಬಣ್ಣದ ಬಕಗಳೂ ಕಡ್ಡಿ ಕೂಡಿಸಿ ಗೂಡು ಕಟ್ಟುತ್ತವೆ. ಹುಣಿಸೆಹಣ್ಣಿನ ಆದಾಯಕ್ಕಿಂತ ಹಕ್ಕಿಯ ಮರಿಗಳು ಹೆಚ್ಚೆಂದು ಆ ಊರಿನ ಜನ ಭಾವಿಸಿರುವುದು ನಮ್ಮ ಜಿಲ್ಲೆಗೆ ಭೂಷಣ.

ಈಚೆಗೆ ಭಾನುವಾರದ ಮುಂಜಾನೆ ಕೊರಳಿಗೆ ದುರ್ಬೀನು ತೂಗುಹಾಕಿಕೊಂಡು ಕೆರೆಯ ಏರಿಗೆ ಬರುವ ವಿದ್ಯಾರ್ಥಿಗಳೂ ಉಪಾಧ್ಯಾಯರೂ ಅಲ್ಲಲ್ಲಿ ಕಾಣುತ್ತಾರೆ. ಹಕ್ಕಿ ನೋಡುವುದೆಂದರೆ ಬೇರೆ ಕೆಲಸವಿಲ್ಲದವರ ಹವ್ಯಾಸವೆಂದು ನಗುತ್ತಿದ್ದ ಕಾಲವೊಂದಿತ್ತು. ಆ ನಗೆಯನ್ನು ಸಹಿಸಿಕೊಂಡು, ಸಂಬಳವಿಲ್ಲದೆಯೂ ಪದವಿಯಿಲ್ಲದೆಯೂ ಜೀವಮಾನವೆಲ್ಲ ಹಕ್ಕಿಗಳ ಹಿಂದೆ ನಡೆದ ಒಬ್ಬರು ನಮ್ಮ ಈ ಸೀಮೆಗೂ ಬಂದಿದ್ದರು. ತುಮಕೂರಿನ ಪೂರ್ವಕ್ಕಿರುವ ದೇವರಾಯನದುರ್ಗದ ತಪ್ಪಲಲ್ಲಿ, ನಾಮದ ಚಿಲುಮೆಯ ಅರಣ್ಯ ವಸತಿಗೃಹದಲ್ಲಿ ಅವರು ತಂಗಿದ್ದರು. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆಂದು ಬಂದಿದ್ದ ಆ ವ್ಯಕ್ತಿ ಸಲೀಂ ಅಲಿ.

ಸಲೀಂ ಅಲಿ ಹುಟ್ಟಿದುದು ೧೮೯೬ರ ನವೆಂಬರ್ ೧೨ರಂದು, ಮುಂಬಯಿಯ ಸುಲೈಮಾನಿ ಬೋಹ್ರಾ ಮನೆತನವೊಂದರಲ್ಲಿ. ಒಡಹುಟ್ಟಿದವರಲ್ಲಿ ಕೊನೆಯವರು. ಒಂದು ವರ್ಷದ ಕೂಸಾಗಿದ್ದಾಗ ತಂದೆ ತೀರಿಕೊಂಡರು. ಮೂರನೆಯ ವರ್ಷಕ್ಕೆ ತಾಯಿಯೂ ಇಲ್ಲವಾದರು. ಮಕ್ಕಳಿಲ್ಲದ ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ಈ ಅನಾಥ ಮಕ್ಕಳನ್ನೆಲ್ಲ ತಮ್ಮ ಖೇತ್‌ವಾಡಿಯ ಮನೆಗೆ ಕರೆತಂದು ಸಾಕಿದರು. ಮಾವನಿಗೆ ಬೇಟೆಯೆಂದರೆ ಪ್ರಾಣ. ಹುಡುಗನ ಕೈಗೂ ಒಂದು ಗಾಳಿಕೋವಿ ಬಂತು. ಗುಬ್ಬಚ್ಚಿಗಳನ್ನು ಹೊಡೆಯುವುದು ಆ ಮನೆಯ ಹುಡುಗರ ನಿತ್ಯದ ಆಟವಾಗಿತ್ತು. ಒಂದು ದಿನ ಹೊಡೆದು ಕೆಡವಿದ ಗುಬ್ಬಿಯ ಕೊರಳಲ್ಲಿ ಹಳದಿಯ ಮಚ್ಚೆಯೊಂದು ಕಂಡಿತು. ಇದು ದಿನವೂ ಕಾಣುವ ಗುಬ್ಬಿಯಲ್ಲ; ಹಾಗಾದರೆ ಯಾವುದು? ಮಾವನಿಗೂ ತಿಳಿಯಲಿಲ್ಲ. ಅವರು ಹುಡುಗನನ್ನು ಮುಂಬಯಿಯ ಪ್ರಕೃತಿ ಇತಿಹಾಸ ಸಂಘದ ಕಾರ್ಯದರ್ಶಿಯಾಗಿದ್ದ ಮಿಲ್ಲರ್ಡ್ ಎಂಬ ಆಂಗ್ಲರ ಬಳಿಗೆ ಕಳುಹಿಸಿದರು.

ಸತ್ತ ಹಕ್ಕಿಯನ್ನು ಕಾಗದದಲ್ಲಿ ಸುತ್ತಿಕೊಂಡು ಅಳುಕುತ್ತ ಒಳಹೊಕ್ಕ ಆ ಹುಡುಗನನ್ನು ಮಿಲ್ಲರ್ಡ್ ಗದರಿಸಿ ಅಟ್ಟಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಅದು ಹಳದಿ ಕೊರಳಿನ ಗುಬ್ಬಿಯೆಂದು ಹೇಳಿ, ಬೀರುಗಳ ಸೆಳೆಖಾನೆಗಳನ್ನು ಒಂದೊಂದಾಗಿ ತೆರೆದು, ಹುಲ್ಲು ತುಂಬಿ ಸಾಲಾಗಿ ಮಲಗಿಸಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಹಕ್ಕಿಯ ಚರ್ಮ ಬಿಡಿಸಿ ಕಾಪಿಡುವ ಕ್ರಮವನ್ನು ಕಲಿಯುವ ಏರ್ಪಾಡು ಮಾಡಿದರು. ಒಬ್ಬ ಹಿರಿಯನು ಒಬ್ಬ ಹುಡುಗನ ಪ್ರಶ್ನೆಗೆ ಅರ್ಧ ಗಂಟೆ ಕೊಟ್ಟುದರಿಂದ ಒಂದು ದೇಶದ ಪಕ್ಷಿಶಾಸ್ತ್ರವೇ ಬೇರೆ ದಾರಿ ಹಿಡಿಯಿತೆಂದರೆ ಉಪಾಧ್ಯಾಯ ವೃತ್ತಿಯವರು ಗಮನಿಸಬೇಕಾದ ಮಾತು. ಎಂಬತ್ತೆಂಟರ ವಯಸ್ಸಿನಲ್ಲಿ, ೧೯೮೫ರಲ್ಲಿ, ಹೊರತಂದ ಆತ್ಮಕಥೆಗೆ ಸಲೀಂ ಅಲಿಯವರು ಆ ಗುಬ್ಬಿಯ ಪತನದ ಹೆಸರನ್ನೇ ಇಟ್ಟರು.

ಆದರೆ ದಾರಿ ನೇರವಾಗಿರಲಿಲ್ಲ. ಕಾಲೇಜು ಹತ್ತಲಿಲ್ಲ. ಗಣಿತ ಕಾಡಿತು. ಓದು ಬಿಟ್ಟು ಬರ್ಮಾ ದೇಶದ ತವಾಯ್‌ಗೆ, ಮನೆತನದ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಹೋದರು. ಅಲ್ಲಿ ವ್ಯಾಪಾರಕ್ಕಿಂತ ಸುತ್ತಣ ಕಾಡೇ ಹೆಚ್ಚು ಕೈಗೆ ಸಿಕ್ಕಿತು. ೧೯೧೭ರಲ್ಲಿ ಹಿಂದಿರುಗಿ ಲೆಕ್ಕಪತ್ರದ ವಿದ್ಯೆ ಕಲಿಯುತ್ತಿದ್ದವರನ್ನು ಸಂತ ಕ್ಸೇವಿಯರ್ ಕಾಲೇಜಿನ ಪಾದ್ರಿ, ಸಸ್ಯಶಾಸ್ತ್ರಜ್ಞ ಬ್ಲಾಟರ್ ಅವರು ಪ್ರಾಣಿಶಾಸ್ತ್ರದ ಕಡೆಗೆ ತಿರುಗಿಸಿದರು. ೧೯೧೮ರಲ್ಲಿ ತೆಹ್ಮಿನಾ ಅವರೊಡನೆ ವಿವಾಹವಾಯಿತು.

ವಿಶ್ವವಿದ್ಯಾನಿಲಯದ ಪದವಿ ಇಲ್ಲವೆಂಬ ಕಾರಣಕ್ಕೆ ಭಾರತೀಯ ಪ್ರಾಣಿ ಸರ್ವೇಕ್ಷಣ ಇಲಾಖೆಯ ಪಕ್ಷಿಶಾಸ್ತ್ರಜ್ಞನ ಹುದ್ದೆ ಅವರಿಗೆ ದೊರೆಯಲಿಲ್ಲ. ೧೯೨೬ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ, ನೋಡಬಂದವರಿಗೆ ವಿವರಿಸಿ ಹೇಳುವ ಮಾರ್ಗದರ್ಶಿ ಉಪನ್ಯಾಸಕನ ಕೆಲಸ ಸಿಕ್ಕಿತು. ತಿಂಗಳಿಗೆ ೩೫೦ ರೂಪಾಯಿ. ಎರಡು ವರ್ಷದಲ್ಲಿ ಅದೂ ಬೇಸರ ತಂದಿತು. ರಜೆ ಪಡೆದು ಜರ್ಮನಿಗೆ ಹೋಗಿ ಬರ್ಲಿನ್ನಿನ ಎರ್ವಿನ್ ಸ್ಟ್ರೆಸೆಮಾನ್ ಎಂಬ ಮಹಾವಿದ್ವಾಂಸರ ಬಳಿ ಕಲಿತರು. ಹಕ್ಕಿಯೆಂದರೆ ಹೆಸರಿನ ಚೀಟಿ ಕಟ್ಟಿದ ಚರ್ಮವಷ್ಟೇ ಅಲ್ಲ, ಅದು ಬದುಕುವ ರೀತಿಯೂ ಶಾಸ್ತ್ರದ ವಿಷಯವೇ ಎಂಬ ಹೊಸ ದೃಷ್ಟಿ ಅಲ್ಲಿ ಬಲಿಯಿತು. ೧೯೩೦ರಲ್ಲಿ ಮರಳಿ ಬಂದಾಗ ಹಣವಿಲ್ಲವೆಂದು ಆ ಕೆಲಸವನ್ನೇ ತೆಗೆದುಹಾಕಿದ್ದರು.

ಕೆಲಸ ಹೋದ ಮನುಷ್ಯ ಮಳೆಗಾಲವನ್ನು ಹೇಗೆ ಕಳೆಯಬೇಕು? ದಂಪತಿಗಳು ಮುಂಬಯಿಯ ಎದುರು ದಡದ ಕಿಹಿಂ ಎಂಬ ಹಳ್ಳಿಯಲ್ಲಿ ನೆಲೆಸಿದರು. ಅಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ಸಲೀಂ ಅಲಿಯವರು ದಿನದಿನವೂ ಕುಳಿತು ನೋಡಿದರು. ನಮ್ಮಲ್ಲಿ ಗೀಜಗನನ್ನು ಅರಿಯದವರಿಲ್ಲ. ಬೆಳ್ಳಾವಿಯ ಸುತ್ತಲಿನ ಈಚಲ ಮರಗಳಲ್ಲಿ ಹೋದ ಮಳೆಗಾಲದ ಗೂಡುಗಳು ಈ ಫಾಲ್ಗುಣದಲ್ಲಿಯೂ ಒಣಗಿ ತೂಗಾಡುತ್ತಿರುತ್ತವೆ. ಆದರೆ ಆ ಗೂಡಿನೊಳಗಿನ ಸಂಸಾರವನ್ನು ತಾಳ್ಮೆಯಿಂದ ಬಿಡಿಸಿ ನೋಡಿದವರು ಎಷ್ಟು ಮಂದಿ? ಗಂಡು ಗೂಡನ್ನು ಅರ್ಧದಷ್ಟು ನೇಯ್ದು ನಿಲ್ಲಿಸುತ್ತದೆ. ಹೆಣ್ಣುಗಳು ಬಂದು ಹೊಕ್ಕು, ಎಳೆದು, ಪರೀಕ್ಷೆ ಮಾಡಿ, ಒಪ್ಪಿದರೆ ಮಾತ್ರ ಉಳಿಯುತ್ತವೆ. ಒಬ್ಬಳು ಒಪ್ಪಿ ನೆಲೆಸಿದ ಮೇಲೆ ಗಂಡು ಆ ಗೂಡನ್ನು ಪೂರೈಸಿ, ಪಕ್ಕದಲ್ಲಿ ಇನ್ನೊಂದನ್ನು ಆರಂಭಿಸಿ ಇನ್ನೊಬ್ಬಳಿಗಾಗಿ ಕಾಯುತ್ತದೆ. ಒಬ್ಬಳಾದ ಮೇಲೆ ಒಬ್ಬಳು ಎಂಬ ಈ ಕ್ರಮವನ್ನು ಅವರು ವಿವರವಾಗಿ ಬರೆದಾಗ ವಿದ್ವಾಂಸರು ಹುಬ್ಬೇರಿಸಿದರು. ಅವರ ಹೆಸರು ದೇಶಾಂತರದಲ್ಲಿ ಕೇಳಿಬಂದುದು ಈ ನಿರುದ್ಯೋಗದ ಮಳೆಗಾಲದ ಫಲವಾಗಿ.

ಅದೇ ಕಾಲದ ಇನ್ನೊಂದು ಬರಹವನ್ನು ಈ ಋತುವಿನಲ್ಲಿ ನೆನೆಯದೆ ಇರಲಾಗದು. ಹೂವನ್ನು ಅರಸುವ ಹಕ್ಕಿಗಳು, ಹಕ್ಕಿಯನ್ನು ಕರೆಯುವ ಹೂಗಳು - ಇವುಗಳ ಸಂಬಂಧವನ್ನು ಕುರಿತು ಅವರು ೧೯೩೨ರಲ್ಲಿ ಪ್ರಕಟಿಸಿದ ಲೇಖನವದು. ಎಲೆಯುದುರಿದ ಮುತ್ತುಗ ಹೊಲದ ಬದುವಿನಲ್ಲಿ ಕೆಂಪಾಗಿ ಅರಳಿದಾಗ ಗೊರವಂಕ, ಕಾಜಾಣ, ಗಿಣಿ, ಪಿಕಳಾರ, ಸೂರಕ್ಕಿ ಎಲ್ಲವೂ ಆ ಮರಕ್ಕೇ ಮುತ್ತುತ್ತವೆ. ಬೂರುಗದ ಮರದಲ್ಲಿಯೂ ಅದೇ ಸಂತೆ. ಮಕರಂದಕ್ಕೆ ಬಂದ ಹಕ್ಕಿಯ ಹಣೆಗೆ ಪರಾಗ ಮೆತ್ತಿಕೊಂಡು ಮತ್ತೊಂದು ಹೂವಿಗೆ ಹೋಗುತ್ತದೆ. ಮಾವಿನ ಮರಕ್ಕೆ ಅಂಟುವ ಬದನಿಕೆಯ ಹೂವನ್ನು ಸೂರಕ್ಕಿ ಅರಳಿಸಿದರೆ, ಅದರ ಹಣ್ಣನ್ನು ತಿಂದು ಬೀಜವನ್ನು ಬೇರೆ ಕೊಂಬೆಗೆ ಅಂಟಿಸುವುದು ಪುಟ್ಟ ಬದನಿಕೆಹಕ್ಕಿ. ತೋಟದವನಿಗೆ ಇದು ಸಂತೋಷದ ಸಂಗತಿಯಲ್ಲ. ಆದರೆ ನೋಡುವವನಿಗೆ ಇದಕ್ಕಿಂತ ಸೊಗಸಾದ ಪಾಠ ಬೇರೆ ಇಲ್ಲ. ಊರ ಉದ್ಯಾನದಲ್ಲಿ ಒಂದೇ ಮರದ ಕೆಳಗೆ ಒಂದು ಬೆಳಗು ಕುಳಿತರೆ ಸಾಕು.

ಸಂಬಳದ ಹುದ್ದೆ ಸಿಗದಾದಾಗ ಅವರು ಒಂದು ಉಪಾಯ ಕಂಡುಕೊಂಡರು. ದೇಶೀಯ ಸಂಸ್ಥಾನಗಳ ಹಕ್ಕಿಗಳನ್ನು ಯಾರೂ ಕ್ರಮವಾಗಿ ಪರಿಶೀಲಿಸಿರಲಿಲ್ಲ. ಪ್ರಯಾಣದ ಮತ್ತು ಬಿಡಾರದ ವೆಚ್ಚ ಕೊಟ್ಟರೆ ಸಾಕು, ತನ್ನ ಶ್ರಮಕ್ಕೆ ಏನೂ ಬೇಡವೆಂದು ಅವರು ಸೂಚಿಸಿದರು. ಮೊದಲು ಹೈದರಾಬಾದು, ಬಳಿಕ ತಿರುವಾಂಕೂರು, ಕೊಚ್ಚಿ. ತೆಹ್ಮಿನಾ ಜೊತೆಯಲ್ಲಿದ್ದರು. ಇಂಗ್ಲೆಂಡಿನಲ್ಲಿ ಕಲಿತು ನಾಗರಿಕ ಸೌಕರ್ಯಗಳಲ್ಲಿ ಬೆಳೆದ ಆಕೆ ಡೇರೆಯ ಬಾಳಿಗೆ ಒಗ್ಗಿಕೊಂಡರು. ಪತಿಯ ಇಂಗ್ಲಿಷ್ ಬರವಣಿಗೆಯನ್ನು ತಿದ್ದಿದವರೂ ಆಕೆಯೇ. ೧೯೩೯ರಲ್ಲಿ, ಸಾಮಾನ್ಯವೆನಿಸಿದ ಒಂದು ಶಸ್ತ್ರಚಿಕಿತ್ಸೆಯಾದ ಬಳಿಕ, ಆಕೆ ತೀರಿಕೊಂಡರು. ಸಲೀಂ ಅಲಿಯವರು ಮತ್ತೆ ಮದುವೆಯಾಗಲಿಲ್ಲ. ಅಕ್ಕ ಕಮೂ ಮತ್ತು ಭಾವನ ಮನೆಯೇ ಅವರ ಮನೆಯಾಯಿತು.

ಮೈಸೂರು ಸಮೀಕ್ಷೆ ಹೆಚ್ಚುಕಡಿಮೆ ಈ ಕಾಲದ್ದು. ಪಶ್ಚಿಮದ ಮಳೆಕಾಡು, ಬಿಳಿಗಿರಿರಂಗನ ಬೆಟ್ಟ, ಬಯಲುಸೀಮೆಯ ಕುರುಚಲು, ಎಲ್ಲ ಬಗೆಯ ನೆಲವನ್ನೂ ಅವರು ನೋಡಬಯಸಿದರು. ನಾಮದ ಚಿಲುಮೆಯ ಬಿಡಾರವೂ ಅದರಲ್ಲೊಂದು. ಬಂಡೆಯಿಂದ ಒಸರುವ ಆ ಚಿಲುಮೆಯ ಕತೆ ನಮಗೆಲ್ಲ ಗೊತ್ತು. ವನವಾಸದ ಶ್ರೀರಾಮನು ಹಣೆಗೆ ನಾಮವಿಡಲು ನೀರು ಬೇಕಾಗಿ ಬಾಣದಿಂದ ಬಂಡೆಯನ್ನು ಭೇದಿಸಿದನಂತೆ. ಹಕ್ಕಿಗಳಿಗೂ ಅಂಥ ಒಣನೆಲದ ನಡುವಣ ನೀರೇ ಬೇಕು. ಶಿಂಷೆ, ಜಯಮಂಗಲಿ ಹುಟ್ಟುವ ಆ ಗುಡ್ಡಗಳ ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರ ಇಂದಿಗೂ ಕಾಣಸಿಗುತ್ತದೆ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಇರದ ಹಕ್ಕಿಯದು.

ಬಿಡಾರದ ದಿನಚರಿ ಕಠಿಣ. ಬೆಳಕು ಹರಿಯುವ ಮುನ್ನ ಹೊರಡುವುದು, ನಡು ಹಗಲಿಗೆ ಹಿಂದಿರುಗಿ ಕೊಂದು ತಂದ ಹಕ್ಕಿಗಳ ಚರ್ಮ ಬಿಡಿಸಿ, ಅಳತೆ ಹಿಡಿದು, ಹೊಟ್ಟೆಯಲ್ಲಿದ್ದ ಆಹಾರವನ್ನು ಪರೀಕ್ಷಿಸಿ ಬರೆದಿಡುವುದು. ಕೊಂದು ತಂದ ಎಂಬ ಮಾತು ಇಂದಿನ ದುರ್ಬೀನಿನ ಹುಡುಗರಿಗೆ ಚುಚ್ಚಬಹುದು. ಅದನ್ನು ಮರೆಮಾಚುವುದು ಸಲೀಂ ಅಲಿಯವರಿಗೆ ಸಲ್ಲಿಸುವ ಗೌರವವಲ್ಲ. ಶಾಸ್ತ್ರಕ್ಕೆ ಬೇಕಾದಷ್ಟನ್ನು ಸಂಗ್ರಹಿಸುವುದು ಅಗತ್ಯವೆಂದು ಅವರು ಕೊನೆಯವರೆಗೂ ನಂಬಿದ್ದರು. ವಿನೋದದ ಬೇಟೆಯಿಂದ ಅದನ್ನು ಬೇರೆಮಾಡಿ ಕಾಣುತ್ತಿದ್ದರು. ಅವರ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಆದರೂ ಇಂದು ನಾವು ಕೊಲ್ಲದೆ ಗುರುತಿಸಬಲ್ಲೆವಾದರೆ, ಅದು ಅಂದಿನ ಆ ಅಳತೆಗಳ ಆಧಾರದಿಂದಲೇ ಎಂಬುದನ್ನು ಮರೆಯಲಾಗದು. ಮೈಸೂರಿನ ಪಕ್ಷಿಗಳ ವರದಿ ಮುಂಬಯಿ ಸಂಘದ ಪತ್ರಿಕೆಯಲ್ಲಿ ೧೯೪೨-೪೩ರಲ್ಲಿ ಕಂತುಕಂತಾಗಿ ಅಚ್ಚಾಯಿತು. ಯಾವ ಹಕ್ಕಿ ಎಲ್ಲಿತ್ತು ಎಂಬುದಕ್ಕೆ ಇಂದಿಗೂ ನಾವು ತಿರುವಿ ನೋಡಬೇಕಾದ ದಾಖಲೆ ಅದು.

ಆ ಓಡಾಟದ ಇನ್ನೊಂದು ಫಲ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು. ಕಾವೇರಿಗೆ ಒಡೆಯರು ಕಟ್ಟಿಸಿದ ಹಳೆಯ ಅಣೆಕಟ್ಟೆಯಿಂದ ಉಂಟಾದ ನಡುಗಡ್ಡೆಗಳಲ್ಲಿ ಕೊಕ್ಕರೆಗಳೂ ನೀರುಕಾಗೆಗಳೂ ಗೂಡು ಕಟ್ಟುವುದನ್ನು ಕಂಡು, ಅದನ್ನು ಕಾಪಾಡಬೇಕೆಂದು ಅವರು ಅರಮನೆಗೆ ಅರಿಕೆ ಮಾಡಿದರು. ೧೯೪೦ರಲ್ಲಿ ಅದು ಪಕ್ಷಿಧಾಮವಾಯಿತು. ಬೇಸಾಯಕ್ಕಾಗಿ ಮನುಷ್ಯ ತಡೆದ ನೀರೇ ಹಕ್ಕಿಯ ಮನೆಯೂ ಆಗುತ್ತದೆಂಬುದನ್ನು, ಕೆರೆಗಳ ನಡುವೆ ಬಾಳುವ ನಮಗೆ, ಬೇರೆಯಾಗಿ ಹೇಳಬೇಕಾಗಿಲ್ಲ.

ಈ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ವೆಂಕಟನಾರಣಪ್ಪನವರು ಕನ್ನಡದಲ್ಲಿ ವಿಜ್ಞಾನವನ್ನು ಬರೆಯಬಹುದೆಂದು ತೋರಿಸಿ, ಜೀವವಿಜ್ಞಾನದ ಗ್ರಂಥವನ್ನೇ ರಚಿಸಿ, ೧೯೪೩ರಲ್ಲಿ ಕಣ್ಮರೆಯಾದರು. ಅವರ ಕೊನೆಯ ವರ್ಷಗಳಲ್ಲಿಯೇ, ೧೯೪೧ರಲ್ಲಿ, ಸಲೀಂ ಅಲಿಯವರ ಭಾರತೀಯ ಪಕ್ಷಿಗಳ ಪುಸ್ತಕ ಹೊರಬಂದು ಸಾಮಾನ್ಯನ ಕೈಗೆ ಬಣ್ಣದ ಚಿತ್ರಗಳೊಡನೆ ಹಕ್ಕಿಯ ಲೋಕವನ್ನು ಇತ್ತಿತು. ಒಬ್ಬರು ಭಾಷೆಯ ಬಾಗಿಲನ್ನು, ಇನ್ನೊಬ್ಬರು ಕಣ್ಣಿನ ಬಾಗಿಲನ್ನು ತೆರೆದರು.

ಸ್ವಾತಂತ್ರ್ಯಾನಂತರದ ಕತೆಯನ್ನು ಬೇಗ ಹೇಳಿಬಿಡಬಹುದು. ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿದ್ದ ಮುಂಬಯಿ ಸಂಘವನ್ನು ನೆಹರೂ ಅವರಿಗೆ ಬರೆದು ಉಳಿಸಿಕೊಂಡರು. ೧೯೫೦ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಸ್ವೀಡನ್ನಿನ ಪಕ್ಷಿಶಾಸ್ತ್ರ ಸಮ್ಮೇಳನಕ್ಕೆ ತಮ್ಮ ಮೋಟಾರ್ ಸೈಕಲ್ಲನ್ನು ಹಡಗಿನಲ್ಲಿ ಒಯ್ದು, ಅದರ ಮೇಲೆಯೇ ಯೂರೋಪನ್ನು ಸುತ್ತಿದರು! ೧೯೫೭ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ತಗಲಿತು. ಅದರ ವಿಷಾಣು ರಷ್ಯಾ ದೇಶದ ಒಂದು ರೋಗದ ವಿಷಾಣುವನ್ನು ಹೋಲುತ್ತಿದ್ದುದರಿಂದ, ವಲಸೆಯ ಹಕ್ಕಿಗಳೇ ಅದನ್ನು ತಂದವೆಂಬ ಸಂಶಯ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರು ಸಾವಿರಾರು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು ಕಾಲಿಗೆ ಸಂಖ್ಯೆಯ ಉಂಗುರ ತೊಡಿಸಿ ಬಿಡುವ ಕಾರ್ಯವನ್ನು ಕೈಗೊಂಡರು. ಹಕ್ಕಿಗಳ ಮೇಲಿನ ಆರೋಪ ಸಿದ್ಧವಾಗಲಿಲ್ಲ. ಕಾಡಿನ ಉಣ್ಣೆಯೇ ರೋಗವನ್ನು ಹರಡುವುದೆಂದು ತಿಳಿಯಿತು. ಆದರೆ ನಮ್ಮ ಕೆರೆಗಳ ಬಾತುಗಳು ಬೇಸಗೆಗೆ ಎತ್ತ ಹೋಗುತ್ತವೆಂಬ ಅರಿವು ಆ ಉಂಗುರಗಳಿಂದ ಬೆಳೆಯಿತು. ಅಮೆರಿಕದ ಡಿಲನ್ ರಿಪ್ಲಿಯವರೊಡನೆ ಬರೆದ ಪಕ್ಷಿಗಳ ಮಹಾಕೋಶ ೧೯೬೮ರಿಂದ ೧೯೭೪ರವರೆಗೆ ಹತ್ತು ಸಂಪುಟಗಳಾಗಿ ಬಂತು. ೧೯೭೬ರಲ್ಲಿ ಪದ್ಮವಿಭೂಷಣ, ೧೯೮೫ರಲ್ಲಿ ರಾಜ್ಯಸಭೆಯ ಸದಸ್ಯತ್ವ. ಪದವಿಯಿಲ್ಲವೆಂದು ಹುದ್ದೆ ತಪ್ಪಿದವರಿಗೆ ವಿಶ್ವವಿದ್ಯಾನಿಲಯಗಳು ತಾವಾಗಿ ಗೌರವ ಪದವಿಗಳನ್ನಿತ್ತವು. ಐವತ್ತು ಸಾವಿರ ಡಾಲರಿನ ಗೆಟ್ಟಿ ಪ್ರಶಸ್ತಿ ಬಂದಾಗ ಆ ಹಣವನ್ನು ಸಂಘದ ಕೆಲಸಕ್ಕೇ ಕೊಟ್ಟರು.

ಸಲೀಂ ಅಲಿಯವರು ೧೯೮೭ರ ಜೂನ್ ೨೦ರಂದು ಮುಂಬಯಿಯಲ್ಲಿ ತೀರಿಕೊಂಡರು. ಮಳೆ ಹಿಡಿಯುವ ಕಾಲ; ಗೀಜಗಗಳು ಹೊಸ ಗೂಡಿಗೆ ಹುಲ್ಲು ಸೀಳತೊಡಗುವ ತಿಂಗಳು.